ಚುಕ್ಕೆ ಗುರುತಿನ ಸ್ಮಶಾನ

ಎಂಎಲ್‌ಸಿ ಆದವಳಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಹೆಣ ನೋಡುವುದು ಮತ್ತು ಅಕ್ಷತೆ ಹಾಕುವುದು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಾನು ನಗಿಸಲೆಂದು ಹೇಳಿರುವುದಿಲ್ಲ. ಅಧಿವೇಶನ ನಡೆಯುವ ವಾರಗಳಲ್ಲಿ ಸೋಮವಾರ ಬೆಳಗಿನ ರೈಲಿಗೆ ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ, ಶುಕ್ರವಾರ ಸದನ ಮುಗಿದ ತಕ್ಷಣ ಹಿಂದಿರುಗುತ್ತೇನೆ. ಶನಿವಾರ ಜಗಳೂರು ಮತ್ತು ಚನ್ನಗಿರಿ, ಭಾನುವಾರ ಹೊನ್ನಾಳಿ ಮತ್ತು ನ್ಯಾಮತಿ. ಬೆಂಗಳೂರಿನಲ್ಲಿ ನಾನು ಏನು ಮಾತಾಡಿದೆ ಎಂದು ಈ ನಾಲ್ಕು ತಾಲ್ಲೂಕುಗಳಲ್ಲಿ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಯಾರ ಮದುವೆಗೆ ಬರಲಿಲ್ಲ, ಯಾರ ಮಣ್ಣಿಗೆ ಬರಲಿಲ್ಲ ಎಂಬುದನ್ನು ಮಾತ್ರ ಚೆನ್ನಾಗಿ ನೆನಪಿಟ್ಟಿರುತ್ತಾರೆ.

ನನ್ನನ್ನು ಮೇಲ್ಮನೆಗೆ ಆರಿಸಿ ಕಳಿಸಿದವರು ಗ್ರಾಮ ಪಂಚಾಯಿತಿಗಳ ಸದಸ್ಯರು. ಊರಿನ ಸಾಮಾನ್ಯ ಜನ ನನಗೆ ಓಟು ಹಾಕುವುದೂ ಇಲ್ಲ, ಅವರ ಓಟು ನನಗೆ ಬೇಕಾಗಿಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ನನ್ನ ಆಪ್ತ ಸಹಾಯಕ ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಕಡೆಯವನು. ಓದಿದವನು, ಅಚ್ಚುಕಟ್ಟು. ಕಾರಿನ ಮುಂದಿನ ಸೀಟಿನಲ್ಲಿ ಕೂತು ಲಗ್ನಪತ್ರಿಕೆಗಳನ್ನು ಮುಹೂರ್ತದ ಪ್ರಕಾರ ಜೋಡಿಸಿಟ್ಟುಕೊಳ್ಳುತ್ತಾನೆ. ಸಾವುಗಳಿಗೆ ಪತ್ರಿಕೆ ಇರುವುದಿಲ್ಲವಾದ್ದರಿಂದ ಅವು ಅವನ ಫೋನಿಗೆ ಬರುತ್ತವೆ. "ಅಕ್ಕಾ, ಜಗಳೂರಾಗೆ ಒಂದು ಹೋಗೈತೆ, ಸಂಜಿಗೆ ಮಣ್ಣು" ಎನ್ನುತ್ತಾನೆ. ಡ್ರೈವರ್ ಕಾರು ತಿರುಗಿಸುತ್ತಾನೆ. ಡಿಕ್ಕಿಯಲ್ಲಿ ಸದಾ ಒಂದೆರಡು ಹಾರ, ಒಂದಿಷ್ಟು ಶಾಲು ಇದ್ದೇ ಇರುತ್ತವೆ. ಹಾರ ಹೆಣಕ್ಕೂ ಆಗುತ್ತದೆ, ಮದುಮಗನಿಗೂ ಆಗುತ್ತದೆ.

ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆ ನನ್ನ ಭಾನುವಾರದ ಕಚೇರಿ. ಅಲ್ಲಿಗೆ ಬರುವವರೆಲ್ಲ ಕೇಳುವುದು ವರ್ಗಾವಣೆ, ಇಲ್ಲವೇ ವರ್ಗಾವಣೆ ರದ್ದು. ಕರೆಂಟ್ ಇಲಾಖೆಯ ಲೈನ್‌ಮ್ಯಾನ್ ಒಬ್ಬರು ಬೈಕು ನಿಲ್ಲಿಸಿ ಮೇಲೆ ಬಂದಾಗ ನಾನೂ ಹಾಗೇ ಅಂದುಕೊಂಡೆ.

"ಎಲ್ಲಿಗೆ ಬೇಕು?" ಎಂದೆ.

"ವರ್ಗಾವಣೆ ಅಲ್ರಿ ಅಕ್ಕ. ನಮ್ಮಪ್ಪಂಗೆ ಒಂದಿಷ್ಟು ಜಾಗ ಬೇಕಿತ್ತು."

"ಸೈಟಾ?"

"ಅಲ್ರಿ. ಹೂಳಾಕೆ."

ನಾನು ಪೆನ್ನು ಕೆಳಗಿಟ್ಟೆ. "ಅಯ್ಯೋ, ಯಾವಾಗ ತೀರಿಕೊಂಡರು?"

"ಇನ್ನೂ ಅದಾನ್ರಿ. ಬೀಡಿ ಸೇದ್ತಾ ಕುಂತಾನೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆತ ನಗಲಿಲ್ಲ. ಮಧ್ಯಾಹ್ನದ ಮದುವೆಯೊಂದನ್ನು ಬಿಟ್ಟು ನಾನು ಆತನ ಬೈಕಿನ ಹಿಂದೆ ಕಾರು ಬಿಡಿಸಿದೆ. ಊರಿನ ಹೆಸರು ಬರೆಯುವುದಿಲ್ಲ, ಯಾವ ತಾಲ್ಲೂಕು ಎಂದೂ ಬರೆಯುವುದಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಅಂಥ ಊರು ಹುಡುಕಲು ಯಾರೂ ಕಷ್ಟಪಡಬೇಕಾಗಿಲ್ಲ.

ಊರಿಗೆ ಸ್ಮಶಾನ ಇದೆ, ಕೆರೆಯ ಹಿಂದೆ. ಕೇರಿಗೆ ಇಲ್ಲ. ಕೇರಿಯವರು ತಲೆತಲಾಂತರದಿಂದ ಹಳ್ಳದ ದಂಡೆಯಲ್ಲಿ ಹೂಳುತ್ತ ಬಂದಿದ್ದಾರೆ. ಒಂದು ಕಡೆಯಿಂದ ಪಕ್ಕದ ಗದ್ದೆಯವರು ಬದು ಸರಿಸುತ್ತ ಬಂದರು, ಇನ್ನೊಂದು ಕಡೆಯಿಂದ ಹಳ್ಳ ದಂಡೆಯನ್ನು ಕೊರೆಯುತ್ತ ಬಂತು. ಉಳಿದಿರುವುದು ಎತ್ತಿನ ಗಾಡಿ ತಿರುಗಿಸಲೂ ಸಾಲದಷ್ಟು ಜಾಗ. ಜೋರು ಮಳೆಯಾದ ವರ್ಷ ಎಲುಬುಗಳು ಹೊರಗೆ ಬರುತ್ತವೆ. ಲೈನ್‌ಮ್ಯಾನ್ ಅದನ್ನು ತೋರಿಸುವಾಗ ಬೆರಳು ಮಾಡಲಿಲ್ಲ, ಗದ್ದ ಎತ್ತಿ ತೋರಿಸಿದರು. ಅಲ್ಲಿ ಅವರ ತಾಯಿ ಇದ್ದರಂತೆ.

ಅವರದು ಬೌದ್ಧ ದೀಕ್ಷೆ ತೆಗೆದುಕೊಂಡ ಮನೆ. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮಂಚದ ಮೇಲೆ ಮುದುಕ. ಉಬ್ಬಸ. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕು. ಆದರೆ ನಾಲಿಗೆಗೆ ಯಾವ ಕಾಯಿಲೆಯೂ ಇರಲಿಲ್ಲ.

"ಬಾರವ್ವ. ಓಟಿನ ಟೈಮಲ್ಲ, ಏನು ಈ ಕಡೆ?" ಎಂದರು.

"ನಿಮ್ಮನ್ನು ನೋಡೋಣ ಅಂತ."

"ನೋಡು. ಸತ್ತ ಮ್ಯಾಲೆ ಎಲ್ರೂ ನೋಡಾಕೆ ಬರ್ತೀರಿ. ಇದ್ದಾಗ್ಲೇ ಬಂದೋಳು ನೀನೇ ಮೊದ್ಲು." ಕೆಮ್ಮು ಬಂತು, ಮುಗಿಯುವವರೆಗೆ ಕಾದೆವು. "ಈ ಊರೋರ ಗುಂಡಿ ಎಷ್ಟು ತೋಡೀನಿ ಅಂದ್ರೆ, ಕೆರೆ ಹಿಂದಿನ ಜಾಗದಾಗೆ ನಂಗೆ ಗೊತ್ತಿಲ್ದಿರೋ ಮಣ್ಣಿಲ್ಲ. ನಂಗೆ ಮಾತ್ರ ಗುಂಡಿ ತೋಡಾಕೆ ಜಾಗಿಲ್ಲ. ಹಳ್ಳದಾಗೆ ಹಾಕಿದ್ರೆ ಮುಂದಿನ ಮಳೆಗಾಲಕ್ಕೆ ಎದ್ದು ಬರ್ತೀನಿ. ಇವ್ನು ಕಂಬ ಹತ್ತೋನು, ಹೆದ್ರಿ ಬಿದ್ಗಿದ್ದಾನು."

"ಆರು ತಿಂಗಳಲ್ಲಿ ಜಾಗ ಕೊಡಿಸ್ತೀನಿ."

"ಅಲ್ಲೀವರ್ಗೂ ಸಾಯಲ್ಲ ಬಿಡು. ಬ್ಯಾಗ ಕೊಡ್ಸು ಮತ್ತೆ, ನಂಗೂ ಬ್ಯಾಸರ ಬಂದೈತೆ."

ಈ ಮಾತು ನನ್ನನ್ನು ಬಿಡಲಿಲ್ಲ. ಎಷ್ಟೋ ಜನಕ್ಕೆ ಎಷ್ಟೋ ಭರವಸೆ ಕೊಟ್ಟಿದ್ದೇನೆ, ಅವು ಈಡೇರದೆ ಅವರೂ ನಾನೂ ಮರೆತದ್ದಿದೆ. ಉಸಿರು ಹಿಡಿದುಕೊಂಡು ಕಾಯುತ್ತೇನೆ ಎಂದವರು ಇವರೊಬ್ಬರೇ.

ಊರ ಹೊರಗೆ ರಸ್ತೆ ಪಕ್ಕದಲ್ಲಿ ಗೋಮಾಳ ಇತ್ತು. ಅದರಲ್ಲಿ ಒಂದು ತುಂಡು ಕೊಟ್ಟರೆ ಮುಗಿಯಿತು. ತಹಶೀಲ್ದಾರರನ್ನು ಕೇಳಿದರೆ, ಉಪವಿಭಾಗಾಧಿಕಾರಿಗಳ ಹಂತದಲ್ಲಿದೆ ಎಂದರು. ಅವರನ್ನು ಕೇಳಿದರೆ, ಜಿಲ್ಲಾಧಿಕಾರಿಗಳಿಗೆ ಕಳಿಸಿದ್ದೇವೆ ಎಂದರು. ಜಿಲ್ಲಾಧಿಕಾರಿಗಳು ಮರ್ಯಾದೆಯಿಂದ ಕೂರಿಸಿ ಚಹಾ ಕೊಟ್ಟು, ಗ್ರಾಮ ಪಂಚಾಯಿತಿಯ ಠರಾವು ಬೇಕು ಮೇಡಂ ಎಂದರು. ಪಂಚಾಯಿತಿ ಅಧ್ಯಕ್ಷರು ನನಗೆ ಓಟು ಹಾಕಿಸಿದವರು. ಅವರು ನನ್ನ ಕಾಲಿಗೆ ನಮಸ್ಕಾರ ಮಾಡುವಷ್ಟು ಬಗ್ಗಿ, "ಮೇಡಮ್ಮೋರೆ, ಗೋಮಾಳ ಹೋದ್ರೆ ದನ ಎಲ್ಲಿಗೆ ಹೋಗ್ಬೇಕ್ರಿ? ದನಕ್ಕೂ ನ್ಯಾಯ ಬ್ಯಾಡೇನ್ರಿ?" ಎಂದರು. ಆ ಊರಿನಲ್ಲಿ ಈಗ ದನಕ್ಕಿಂತ ಟ್ರ್ಯಾಕ್ಟರ್ ಜಾಸ್ತಿ. ಟ್ರ್ಯಾಕ್ಟರ್ ಹುಲ್ಲು ತಿನ್ನುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಅವರು ನಕ್ಕರು. ಠರಾವು ಮಾತ್ರ ಆಗಲಿಲ್ಲ.

ಉಳಿದದ್ದು ಸದನ. ಅಧಿವೇಶನಕ್ಕೆ ಮೊದಲು ನಾವು ಪ್ರಶ್ನೆಗಳನ್ನು ಬರೆದು ಕೊಡುತ್ತೇವೆ. ಹೆಚ್ಚಿನವಕ್ಕೆ ಲಿಖಿತ ಉತ್ತರ ಬಂದು ಕಪಾಟು ಸೇರುತ್ತದೆ. ಲಾಟರಿಯಲ್ಲಿ ಎದ್ದ ಕೆಲವು ಮಾತ್ರ ಚುಕ್ಕೆ ಗುರುತಿನ ಪ್ರಶ್ನೆಗಳಾಗಿ ಸದನದಲ್ಲಿ ಕೂಗಲ್ಪಡುತ್ತವೆ. ಆಗ ಸಚಿವರು ಎದ್ದು ನಿಂತು ಬಾಯಿಬಿಟ್ಟು ಉತ್ತರಿಸಬೇಕು, ಕೇಳಿದವರು ಅದರ ಮೇಲೆ ಉಪಪ್ರಶ್ನೆ ಎಸೆಯಬಹುದು. ಹೆಸರು ಕೂಗಿದಾಗ ಪ್ರಶ್ನೆ ಕೇಳಿದವರು ಜಾಗದಲ್ಲಿ ಇಲ್ಲದಿದ್ದರೆ ಆ ಅವಕಾಶ ಅಲ್ಲಿಗೇ ಸತ್ತಂತೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಎಷ್ಟು ಕೇರಿಗಳಿಗೆ ಸ್ಮಶಾನ ಇಲ್ಲ, ಯಾವಾಗ ಕೊಡುತ್ತೀರಿ ಎಂದು ನಾನು ಕಾರಿನಲ್ಲೇ ಬಾಯಲ್ಲಿ ಹೇಳಿದೆ, ಆಪ್ತ ಸಹಾಯಕ ಬರೆದುಕೊಂಡು ಟೈಪ್ ಮಾಡಿಸಿ ಕಳಿಸಿದ. ನನ್ನ ನಸೀಬು, ಲಾಟರಿಯಲ್ಲಿ ಎದ್ದಿತು. ಗುರುವಾರಕ್ಕೆ ಬಿತ್ತು.

ಬುಧವಾರ ಮಧ್ಯಾಹ್ನ ಶಾಸಕರ ಭವನದಲ್ಲಿ ಊಟಕ್ಕೆ ಕೂತಿದ್ದೆ. ಆಪ್ತ ಸಹಾಯಕ ಫೋನು ಹಿಡಿದುಕೊಂಡೇ ಬಂದ. ಜಗಳೂರು ಕಡೆಯ ಪಂಚಾಯಿತಿ ಅಧ್ಯಕ್ಷರೊಬ್ಬರ ತಾಯಿ ತೀರಿಕೊಂಡಿದ್ದರು. ಗುರುವಾರ ಮಧ್ಯಾಹ್ನ ಮಣ್ಣು. ಸುತ್ತಲಿನ ಪಂಚಾಯಿತಿಗಳ ಸದಸ್ಯರೆಲ್ಲ ಆ ಅಧ್ಯಕ್ಷರು ಹಾಕಿದ ಗೆರೆ ದಾಟುವವರಲ್ಲ. ಕೈ ತೊಳೆಯುವಷ್ಟರಲ್ಲಿ ಪಕ್ಷದ ಜಿಲ್ಲಾ ಮುಖಂಡರ ಫೋನೂ ಬಂತು.

"ಈಗ್ಲೇ ಹೊರಡ್ರಿ. ನಾನೂ ಬರ್ತಿದೀನಿ."

"ನಾಳೆ ನನ್ನ ಪ್ರಶ್ನೆ ಇದೆ ಸರ್. ಸ್ಮಶಾನದ್ದು."

"ಮೇಡಂ, ಸ್ಮಶಾನದ ಪ್ರಶ್ನೆ ನಾಡಿದ್ದೂ ಇರುತ್ತೆ. ಅವ್ರ ತಾಯಿ ನಾಡಿದ್ದು ಇರಲ್ಲ." ತಾವು ಆಡಿದ ಮಾತು ತಮಗೇ ಹಿಡಿಸಿರಬೇಕು, ಸಣ್ಣಗೆ ನಕ್ಕರು.

ಆಪ್ತ ಸಹಾಯಕ ಟಿಕೆಟ್ ನೋಡಲೇ ಅಕ್ಕ ಎಂದ. ಬೇಡ ಎಂದೆ. ಹೇಳುವಾಗ ಧೈರ್ಯವೇನೂ ಇರಲಿಲ್ಲ. ಮುಂದಿನ ಚುನಾವಣೆಯಲ್ಲಿ ಜಗಳೂರು ನನ್ನ ಕೈಬಿಟ್ಟು ಹೋಗುವುದು ಆ ಕ್ಷಣದಲ್ಲೇ ನನಗೆ ಕಾಣುತ್ತಿತ್ತು. ಆದರೆ ಮಂಚದ ಮೇಲೆ ಒಬ್ಬರು ಉಸಿರು ಹಿಡಿದು ಕೂತಿದ್ದರು, ಅವರಿಗೆ ನಾಡಿದ್ದು ಇರುತ್ತದೆ ಎಂದು ಯಾರೂ ಬರೆದುಕೊಟ್ಟಿರಲಿಲ್ಲ.

ಗುರುವಾರ ಬೆಳಿಗ್ಗೆ ಸದನದ ಮೇಜಿನ ಮೇಲೆ ಅಚ್ಚಾದ ಪ್ರಶ್ನೋತ್ತರ ಇಟ್ಟಿದ್ದರು. ಎಡಗಡೆ ನಮ್ಮ ಪ್ರಶ್ನೆ, ಬಲಗಡೆ ಸರ್ಕಾರದ ಉತ್ತರ. ನನ್ನದನ್ನು ತೆಗೆದು ಓದಿದೆ. ಸ್ಮಶಾನ ಭೂಮಿ ಇಲ್ಲದ ಗ್ರಾಮಗಳೆಷ್ಟು? ಎಲ್ಲಾ ಗ್ರಾಮಗಳಿಗೂ ಸ್ಮಶಾನ ಭೂಮಿ ಲಭ್ಯವಿರುತ್ತದೆ. ಇಲ್ಲದ ಗ್ರಾಮಗಳಿಗೆ ಯಾವಾಗ ಒದಗಿಸಲಾಗುವುದು? ಉದ್ಭವಿಸುವುದಿಲ್ಲ.

ಗ್ರಾಮ! ನಾನು ಹೇಳಿದ್ದು ಕೇರಿ. ಇಂಥ ಊರುಗಳಲ್ಲಿ ಗ್ರಾಮ ಎಂದರೆ ಊರು, ಊರಿಗೆ ಸ್ಮಶಾನ ಇದ್ದೇ ಇದೆ. ಉತ್ತರ ಬರೆದ ಅಧಿಕಾರಿ ಒಂದಕ್ಷರ ಸುಳ್ಳು ಬರೆದಿರಲಿಲ್ಲ. ಮೊಗಸಾಲೆಗೆ ಬಂದು ಆಪ್ತ ಸಹಾಯಕನಿಗೆ ಹಾಳೆ ತೋರಿಸಿದೆ.

"ಯಾರಯ್ಯ ಇದನ್ನ ತಿದ್ದಿದ್ದು?"

ಅವನು ಹಾಳೆ ನೋಡಲೇ ಇಲ್ಲ. "ನಾನೇ ಅಕ್ಕ."

"ಯಾಕೆ?"

"ಸದನದಾಗೆ ಓದೋದಲ್ವಾ, ಚೆಂದ ಇರ್ಲಿ ಅಂತ."

"ಕೇರಿ ಅಂದ್ರೆ ಏನು ಕೆಟ್ಟ ಮಾತಾ?"

ಅವನು ಅತ್ತಿತ್ತ ನೋಡಿದ. ಮೊಗಸಾಲೆಯಲ್ಲಿ ಇನ್ನೂ ಇಬ್ಬರು ಮೂವರು ಆಪ್ತ ಸಹಾಯಕರು ನಿಂತಿದ್ದರು. ದನಿ ತಗ್ಗಿಸಿ ಹೇಳಿದ: "ಕೇರಿಯಾಗೆ ಹುಟ್ಟಿದೋನು ಅಕ್ಕ ನಾನು. ಯಾವ ಊರು ಅಂದ್ರೆ ಉಬ್ರಾಣಿ ಕಡೆ ಅಂತೀನಿ, ಅದ್ರಾಗೆ ಎಲ್ಲಿ ಅಂತ ಯಾರಾರ ಕೇಳಿದ್ರೆ ಮಾತು ತಿರುಗಿಸ್ತೀನಿ. ಆ ಪದ ಬರೆಯಾಕೆ ನಂಗೆ ಕೈ ಬರಲ್ಲ."

ಯಾರನ್ನು ಬೈಯಬೇಕು ಎಂದು ತಿಳಿಯದ ಸಿಟ್ಟು ಬಹಳ ಕೆಟ್ಟದ್ದು, ಅದು ಒಳಗೇ ಉಳಿಯುತ್ತದೆ. ಅಷ್ಟರಲ್ಲಿ ಗಂಟೆ ಬಾರಿಸಿತು.

ನನ್ನ ಪ್ರಶ್ನೆಯ ಸಂಖ್ಯೆ ಕೂಗಿದರು. ಎದ್ದು ನಿಂತೆ. ಸಚಿವರು, "ಉತ್ತರ ಒದಗಿಸಲಾಗಿದೆ ಮಾನ್ಯ ಸಭಾಪತಿಗಳೇ" ಎಂದು ಕೂತರು.

"ಮಾನ್ಯ ಸಭಾಪತಿಗಳೇ, ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಸಚಿವರು ಹೇಳಿದ್ದಾರೆ. ನಮ್ಮ ಕಡೆ ಒಂದು ಹಳ್ಳ ಇದೆ. ಮಳೆ ಬಂದಾಗಲೆಲ್ಲ ಅದರ ದಂಡೆಯಲ್ಲಿ ಎಲುಬುಗಳು ಉದ್ಭವಿಸುತ್ತವೆ. ಅವು ಕೇರಿಯವರ ಎಲುಬು. ಸಚಿವರು ಬಂದು ನೋಡುತ್ತಾರೆಯೇ?"

ಗದ್ದಲ ಎದ್ದಿತು. ನಮ್ಮ ಸಾಲಿನವರು ಮೇಜು ಕುಟ್ಟಿದರು, ಎದುರಿನವರು ರಾಜಕೀಯ ಎಂದರು. ಸಚಿವರು ಮತ್ತೆ ಎದ್ದು, "ಮಾನ್ಯ ಸದಸ್ಯೆಯವರು ಕೇಳಿರುವುದು ಗ್ರಾಮಗಳ ಬಗ್ಗೆ, ನಾವು ಗ್ರಾಮಗಳ ಬಗ್ಗೆ ಉತ್ತರಿಸಿದ್ದೇವೆ" ಎಂದರು. ನಾನು ಕೂರಲಿಲ್ಲ. ಊರಿನ ಹೆಸರು ಹೇಳಿದೆ, ಗೋಮಾಳ ಎಲ್ಲಿದೆ ಎಂದು ಹೇಳಿದೆ, ಗಂಟಲು ಹರಿಯುವಂತೆ ಕೂಗಿದೆ. ಸಭಾಪತಿಗಳು ಬೇಸತ್ತು ಸಚಿವರ ಕಡೆ ನೋಡಿದರು. ಸಚಿವರು, "ಆಗಲಿ, ಆ ಗ್ರಾಮಕ್ಕೆ ಸ್ಮಶಾನ ಭೂಮಿ ಒದಗಿಸಲು ಕ್ರಮ ಕೈಗೊಳ್ಳುತ್ತೇವೆ" ಎಂದರು.

"ಇದನ್ನು ಭರವಸೆ ಎಂದು ದಾಖಲಿಸಬೇಕು" ಎಂದೆ. ದಾಖಲಾಯಿತು. ಸದನದಲ್ಲಿ ಕೊಟ್ಟ ಭರವಸೆಯನ್ನು ಬೆನ್ನು ಹತ್ತಲು ಒಂದು ಸಮಿತಿಯೇ ಇದೆ, ಅಧಿಕಾರಿಗಳು ಅದಕ್ಕೆ ಹೆದರುತ್ತಾರೆ. ಗೆದ್ದೆ ಎಂದುಕೊಂಡೆ. ಆ ಸಂಜೆ ಆಪ್ತ ಸಹಾಯಕನಿಗೆ ನಾನೇ ಕಾಫಿ ಕೊಡಿಸಿದೆ.

ಶನಿವಾರ ಜಗಳೂರಿಗೆ ಹೋದೆ. ತಾಯಿಯನ್ನು ಕಳೆದುಕೊಂಡ ಅಧ್ಯಕ್ಷರು ಶಾಮಿಯಾನದ ಕೆಳಗೆ ಕೂತಿದ್ದರು. ನನ್ನನ್ನು ನೋಡಿ ಏಳಲಿಲ್ಲ.

"ಬಿಡುವು ಸಿಕ್ತೇನ್ರಿ ಮೇಡಂ?" ಎಂದರು.

"ಸದನ ಇತ್ತು..."

"ಗೊತ್ತಾತು. ಯಾವ್ದೋ ಕೇರಿ ಹೆಣದ ಬಗ್ಗೆ ಮಾತಾಡಾಕೆ ನಿಂತಿದ್ರಂತೆ. ನಮ್ಮವ್ವನ ಹೆಣ ಇಲ್ಲಿ ನಿಮ್ಮ ಹಾರಕ್ಕೆ ಕಾಯ್ತಿತ್ತು." ನಾನು ತಂದ ಹಾರವನ್ನು ಫೋಟೋಗೆ ಹಾಕಲು ಯಾರೂ ಜಾಗ ಬಿಡಲಿಲ್ಲ, ಕುರ್ಚಿಯ ಮೇಲೆ ಇಟ್ಟು ಬಂದೆ. ಅವಮಾನ ಆಯಿತು. ಆದರೂ ಚನ್ನಗಿರಿಯ ದಾರಿಯುದ್ದಕ್ಕೂ, ಆ ಹಾರಕ್ಕೆ ಬದಲು ಒಂದು ತುಂಡು ನೆಲ ಸಿಕ್ಕಿತಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಭರವಸೆ ನಿಜಕ್ಕೂ ಈಡೇರಿತು. ಇಷ್ಟು ಬೇಗ ಸರ್ಕಾರಿ ಕೆಲಸ ಆದದ್ದನ್ನು ನಾನು ನೋಡಿಲ್ಲ. ಸರ್ವೆಯರ್ ಬಂದು ಚೈನು ಹಿಡಿದರು, ಕಲ್ಲು ನೆಟ್ಟರು, ರಸ್ತೆ ಪಕ್ಕದ ಗೋಮಾಳದಲ್ಲಿ ಜಾಗ ಮಂಜೂರಾಯಿತು. ಮಂಜೂರಾತಿಯ ಸುದ್ದಿ ಹೇಳಲು ಹೋದಾಗ ಮುದುಕರು ದಿಂಬಿಗೆ ಒರಗಿ ಕೂತಿದ್ದರು.

"ಹಂಗಾರೆ ನಾ ಹೊರಡ್ಲೇನವ್ವ?" ಎಂದರು.

"ಅವಸರ ಏನಿಲ್ಲ. ಬೇಲಿ ಆಗಲಿ, ಒಂದು ಬೋರು ಹಾಕಿಸ್ತೀನಿ."

"ಬೋರು ಯಾಕವ್ವ, ಹೆಣಕ್ಕೆ ನೀರಡಿಕೆ ಆಗ್ತೈತೇನು?" ಎಂದು ನಕ್ಕು ಕೆಮ್ಮಿದರು. ಆ ದಿನ ಅವರ ಮುಖ ನೋಡಿ ನನಗೆ ನಿಜವಾಗಿ ಸಂತೋಷವಾಯಿತು. ನನ್ನ ಕೆಲಸದಲ್ಲಿ ಅಂಥ ಸಂತೋಷ ಅಪರೂಪ, ಅದಕ್ಕೇ ಬರೆದಿಟ್ಟಿದ್ದೇನೆ.

ಬೇಲಿಯ ಬದಲು ಕಾಂಪೌಂಡು ಬಂತು. ಗೇಟು ಬಂತು. ಗೇಟಿನ ಮೇಲೆ ಕಮಾನಿನಲ್ಲಿ 'ಗ್ರಾಮದ ಸಾರ್ವಜನಿಕ ರುದ್ರಭೂಮಿ' ಎಂದು ಬರೆಸಿದರು. ಸಚಿವರು ಸದನದಲ್ಲಿ ಹೇಳಿದ್ದು ಆ ಗ್ರಾಮಕ್ಕೆ ಎಂದು, ಇಲಾಖೆ ಕೊಟ್ಟದ್ದೂ ಗ್ರಾಮಕ್ಕೆ. ಜಾಗವನ್ನು ನೋಡಿಕೊಳ್ಳಲು ಗ್ರಾಮ ಪಂಚಾಯಿತಿಗೆ ವಹಿಸಿದರು. ಪಂಚಾಯಿತಿಯವರು ಗೇಟಿಗೆ ಬೀಗ ಜಡಿದು ಕೀಲಿಯನ್ನು ತಮ್ಮ ಜವಾನನ ಕೈಯಲ್ಲಿಟ್ಟರು. ದನ ನುಗ್ಗಬಾರದು ಎಂದು ಬೀಗವಂತೆ. ಮೊನ್ನೆವರೆಗೂ ಅದು ದನದ ಜಾಗವೇ ಆಗಿತ್ತು.

ಆಮೇಲೆ ಊರಿನ ದೊಡ್ಡ ಮನೆಯ ಯಜಮಾನರು ತೀರಿಕೊಂಡರು. ಕೆರೆಯ ಹಿಂದಿನ ಸ್ಮಶಾನಕ್ಕೆ ದಾರಿ ಸರಿಯಿಲ್ಲ, ಇಲ್ಲಿಗಾದರೆ ರಸ್ತೆಯಿಂದ ನೇರ ಕಾರು ಬರುತ್ತದೆ ಎಂದು ಅವರನ್ನು ಇಲ್ಲಿಗೆ ತಂದರು. ನಟ್ಟನಡುವೆ ಗುಂಡಿ ತೋಡಿ, ತಿಂಗಳೊಪ್ಪತ್ತಿನಲ್ಲಿ ಕರಿ ಗ್ರಾನೈಟಿನ ಸಮಾಧಿ ಕಟ್ಟಿಸಿದರು. ಆ ಮಣ್ಣಿಗೆ ನಾನೂ ಹೋಗಿ ಹಾರ ಹಾಕಿದ್ದೆ. ಹೋಗದಿದ್ದರೆ ಈ ಕಡೆಯ ಪಂಚಾಯಿತಿಗಳೂ ಜಗಳೂರಿನಂತೆ ಆಗುತ್ತಿದ್ದವು. ನಂತರ ಕೇರಿಯ ಒಬ್ಬ ಹೆಣ್ಣುಮಗಳು ತೀರಿಕೊಂಡಾಗ ಲೈನ್‌ಮ್ಯಾನ್ ಫೋನ್ ಮಾ‌ಡಿದರು. ಜವಾನ ಹೊನ್ನಾಳಿಗೆ ಹೋಗಿದ್ದಾನಂತೆ, ಕೀಲಿ ಅವನ ಜೇಬಿನಲ್ಲಿದೆಯಂತೆ. ನಾನು ಬೆಂಗಳೂರಿನಲ್ಲಿ ಕೂತು ಪಂಚಾಯಿತಿಯವರಿಗೆ ಫೋನ್ ಮಾಡುತ್ತಲೇ ಇದ್ದೆ, ಒಬ್ಬರೂ ಎತ್ತಲಿಲ್ಲ. ಕತ್ತಲಾಗುವ ಮೊದಲು ಆಕೆಯನ್ನು ಹಳ್ಳದ ದಂಡೆಗೇ ಒಯ್ದರು.

ಆ ಶನಿವಾರ ತಹಶೀಲ್ದಾರರನ್ನೂ ಪಂಚಾಯಿತಿ ಅಧ್ಯಕ್ಷರನ್ನೂ ಒಟ್ಟಿಗೆ ಕೂರಿಸಿದೆ.

"ಮೇಡಮ್ಮೋರೆ, ನಾವೇನು ಬರ್ಬ್ಯಾಡ್ರಿ ಅಂದೀವಾ? ಸಾರ್ವಜನಿಕ ಅಂತ ಬೋರ್ಡೇ ಐತೆ. ಮೊದ್ಲೇ ಒಂದು ಮಾತು ತಿಳಿಸ್ರಿ ಅಂತೀವಿ ಅಷ್ಟೇ" ಎಂದರು ಅಧ್ಯಕ್ಷರು. ಸಾಯುವವರು ಮೊದಲೇ ತಿಳಿಸಬೇಕಂತೆ.

ಅರ್ಧ ಜಾಗವನ್ನು ಕೇರಿಯವರ ಹೆಸರಿಗೆ ಬೇರೆ ಮಾಡಿ ಕೊಡಿ, ಬೇರೆ ಗೇಟು ಇಡಿಸುತ್ತೇನೆ ಎಂದು ತಹಶೀಲ್ದಾರರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಹಂಗೆ ಬರಲ್ಲ ಮೇಡಂ. ಒಂದೇ ಸ್ಮಶಾನದಾಗೆ ಬೇರೆ ಗೇಟು ಅಂದ್ರೆ ಭೇದ ಮಾಡ್ದಂಗೆ. ಅಸ್ಪೃಶ್ಯತೆ ಆಚರಣೆ ಆಗುತ್ತೆ. ಕೇಸು ನಮ್ಮ ಮೇಲೇ ಬೀಳುತ್ತೆ."

ಅವರ ಮುಖದಲ್ಲಿ ಕುಹಕ ಇರಲಿಲ್ಲ. ಅದನ್ನೇ ನಂಬಿಕೊಂಡು ಹೇಳುತ್ತಿದ್ದರು. ನನಗೆ ಕಿರುಚಬೇಕು ಅನ್ನಿಸಿತು. ಕಿರುಚಲು ಅಲ್ಲಿ ಹಿಡಿಯೇ ಸಿಗಲಿಲ್ಲ, ಎಲ್ಲರೂ ಕಾನೂನಿನ ಪ್ರಕಾರವೇ ಇದ್ದರು. ಎರಡನೇ ಕೀಲಿಯೊಂದನ್ನು ಕೇರಿಗೆ ಕೊಡಿ ಎಂದು ಕಡೆಗೆ ಕೇಳಿದೆ. ನೋಡೋಣ ಎಂದರು.

ಮುದುಕರ ಬಳಿ ಹೋಗಿ ಕೂತೆ. ಅಷ್ಟರಲ್ಲಿ ಅವರನ್ನು ದಾವಣಗೆರೆಯ ಆಸ್ಪತ್ರೆಗೆ ಎರಡು ಮೂರು ಸಲ ಸೇರಿಸಿ ಕರೆತಂದಿದ್ದರು. ಮಾತು ಇನ್ನಷ್ಟು ತುಂಡಾಗಿತ್ತು.

"ಬಸ್ಸಿನ ಸೀಟಿಗೆ ಟವಲ್ ಹಾಕ್ದಂಗೆ... ಹಾಕಿಬಿಟ್ರು ನೋಡವ್ವ. ಸಾಯೋದ್ರಾಗೂ... ಅವ್ರೇ ಮೊದ್ಲು."

"ನಿಮಗೆ ಹಾಗಾಗಲು ಬಿಡಲ್ಲ. ಬೀಗ ಒಡೆಸಿಯಾದರೂ ಅಲ್ಲೇ ಮಣ್ಣು ಕೊಡಿಸ್ತೀನಿ."

ಅವರು ನನ್ನ ಮುಖವನ್ನೇ ನೋಡಿದರು. ಯಾವಾಗಲೂ ಇರುತ್ತಿದ್ದ ಕೀಟಲೆ ಅವತ್ತು ಕಾಣಲಿಲ್ಲ. "ಬೀಗ ಒಡ್ದು ಒಳಗೆ ಹೋದ್ರೆ... ಕಳ್ಳ ಅಂತಾರೆ ತಾಯಿ" ಎಂದು ಆ ಕಡೆ ಹೊರಳಿದರು.

ಮುಂದಿನ ಅಧಿವೇಶನದ ಒಂದು ಬುಧವಾರ, ಸದನದಲ್ಲಿ ಕೂತಿದ್ದಾಗ ಆಪ್ತ ಸಹಾಯಕ ಚೀಟಿ ಕಳಿಸಿದ. ಮುದುಕರು ಹೋಗಿದ್ದರು. ಎದ್ದು ಹೊರಗೆ ಬಂದೆ. ಮೊಗಸಾಲೆಯಲ್ಲಿ ನಿಂತು ಜಿಲ್ಲಾಧಿಕಾರಿಗಳಿಗೆ ಫೋನ್ ಮಾಡಿ, ಇಲ್ಲಿಯವರೆಗೆ ಯಾವ ಅಧಿಕಾರಿಯ ಹತ್ತಿರವೂ ಆಡದ ಮಾತುಗಳನ್ನು ಆಡಿದೆ. ನಾಳೆ ಬೆಳಿಗ್ಗೆ ಆ ಗೇಟು ತೆರೆದಿರಬೇಕು, ತಹಶೀಲ್ದಾರರು ಖುದ್ದು ನಿಂತಿರಬೇಕು, ಪೊಲೀಸರು ಇರಬೇಕು. ಇಲ್ಲದಿದ್ದರೆ ಹೆಣವನ್ನು ನಿಮ್ಮ ಕಚೇರಿಗೆ ತರುತ್ತೇನೆ. ಅವರು ಆಯಿತು ಎಂದರು. ಆಪ್ತ ಸಹಾಯಕನೂ ತನ್ನ ಪಾಲಿಗೆ ಪಂಚಾಯಿತಿಗೆ ಫೋನ್ ಹಚ್ಚಿದ್ದ. "ಹೌದ್ರಿ, ಕೇರಿಯೋರದೇ. ಕೇರಿ ಅಂದೆ, ಕೇಳಿಸ್ತಾ?" ಎಂದು ಇಡೀ ಮೊಗಸಾಲೆಗೆ ಕೇಳುವಂತೆ ಕೂಗುತ್ತಿದ್ದ.

ಗುರುವಾರ ಬೆಳಿಗ್ಗೆ ಊರು ತಲುಪಿದಾಗ ಗೇಟು ಹಾರುಹೊಡೆದಿತ್ತು. ತಹಶೀಲ್ದಾರರು, ಇಬ್ಬರು ಪೊಲೀಸರು, ಅಧ್ಯಕ್ಷರು, ಕೀಲಿಯ ಜವಾನ ಎಲ್ಲರೂ ನೆರಳಿಗೆ ನಿಂತಿದ್ದರು. ತಹಶೀಲ್ದಾರರು ತಮ್ಮ ಮುಂದಾಳತ್ವದಲ್ಲಿ ಮೂಲೆಯಲ್ಲಿ ಗುಂಡಿಯನ್ನೂ ತೋಡಿಸಿದ್ದರು. ಅವರಿಗೆ ಒಂದು ಮಾತೂ ಹೇಳದೆ ಕೇರಿಗೆ ಹೋದೆ. ಮನೆಯ ಮುಂದೆ ಬಿಳಿ ವ್ಯಾನು ನಿಂತಿತ್ತು. ಚಟ್ಟ ಇರಲಿಲ್ಲ, ಹಲಗೆಯ ಸದ್ದಿರಲಿಲ್ಲ. ಬುದ್ಧನ ಪಟದ ಮುಂದೆ ಮೊಂಬತ್ತಿ ಉರಿಯುತ್ತಿತ್ತು.

"ಗೇಟು ತೆಗೆಸಿದ್ದೀನಿ" ಎಂದೆ ಲೈನ್‌ಮ್ಯಾನ್‌ಗೆ. "ಬೀಗ ಒಡೆಸಿಲ್ಲ. ಅವರ ಕೈಯಿಂದಲೇ ತೆಗೆಸಿದ್ದೀನಿ. ತಹಶೀಲ್ದಾರರೇ ನಿಂತಿದ್ದಾರೆ."

ಅವರು ಕಣ್ಣು ಒರೆಸಿಕೊಂಡರು. "ಅಕ್ಕಾ, ಅಪ್ಪ ಬ್ಯಾಡ ಅಂದಾನೆ."

"ಏನು ಬೇಡ ಅಂದರು?"

"ಮಣ್ಣೇ ಬ್ಯಾಡ ಅಂದಾನೆ. ಹಿಂದಿನ ಸಲ ಆಸ್ಪತ್ರೆಯಾಗಿದ್ದಾಗ ಯಾರೋ ಹೇಳಿದ್ರಂತೆ, ಮೆಡಿಕಲ್ ಕಾಲೇಜಿಗೆ ದೇಹ ಕೊಡಾಕೆ ಬರ್ತೈತೆ ಅಂತ. ನನ್ನ ಕೂರಿಸಿ ಸೈನ್ ಮಾಡಿಸ್ದ. ಓದೋ ಮಕ್ಳಿಗೆ ಉಪಯೋಗ ಆಗ್ಲಿ, ಯಾರ ಜಾಗನೂ ಕೇಳೋದು ಬ್ಯಾಡ ಅಂದ."

"ನನಗೆ ಯಾಕೆ ಹೇಳಲಿಲ್ಲ?"

"ಆಯಮ್ಮಂಗೆ ಹೇಳ್ಬ್ಯಾಡ ಅಂದಿದ್ದ. ಹೇಳಿದ್ರೆ ಇನ್ನೊಂದು ಪ್ರಶ್ನೆ ಕೇಳ್ತಾಳೆ ಅಂದ."

ಮುದುಕರನ್ನು ಎತ್ತಿ ವ್ಯಾನಿನಲ್ಲಿ ಮಲಗಿಸಿದರು. ಡಿಕ್ಕಿಯಲ್ಲಿದ್ದ ಹಾರ ತರಲು ಆಪ್ತ ಸಹಾಯಕ ಓಡಿದ, ಬೇಡ ಎಂದು ಕೈಸನ್ನೆ ಮಾಡಿದೆ. ಲೈನ್‌ಮ್ಯಾನ್ ವ್ಯಾನಿನ ಬಾಗಿಲಿಗೆ ಒಂದು ಕಾಲು ಇಟ್ಟವರು ಹಿಂದಕ್ಕೆ ತಿರುಗಿ, ಅತ್ತೂ ಅತ್ತೂ ಕೆಂಪಾದ ಮುಖದಲ್ಲಿ ಒಂಚೂರು ನಕ್ಕರು.

"ನಮ್ಮ ಮನ್ಯಾಗೆ ಮೆಡಿಕಲ್ ಕಾಲೇಜಿಗೆ ಹೋಗ್ತಿರೋ ಮೊದಲ್ನೇ ಮನುಷ್ಯ ಅಕ್ಕ, ನಮ್ಮಪ್ಪ."

ವ್ಯಾನು ಹೊರಟಿತು. ನನ್ನ ಕಾರು ಅದರ ಹಿಂದೆ. ಊರ ಹೊರಗೆ ಗೇಟಿನ ಹತ್ತಿರ ಬಂದಾಗ ತಹಶೀಲ್ದಾರರು ರಸ್ತೆಗೆ ಬಂದು ಒಳಗೆ ತಿರುಗಿ ಎಂದು ಕೈ ತೋರಿಸಿದರು. ವ್ಯಾನು ತಿರುಗಲಿಲ್ಲ, ನಿಧಾನವೂ ಆಗಲಿಲ್ಲ, ದಾವಣಗೆರೆಯ ಕಡೆ ನೇರ ಹೋಯಿತು. ನಾನು ಕಾರು ನಿಲ್ಲಿಸಿ ಇಳಿದು ವಿಷಯ ಹೇಳಿದೆ. ತಹಶೀಲ್ದಾರರು ವ್ಯಾನು ಹೋದ ದಿಕ್ಕಿಗೆ ಕೈಮುಗಿದರು. ಅಧ್ಯಕ್ಷರು, "ಎಂಥಾ ದೊಡ್ಡ ಮನಸ್ಸು ನೋಡ್ರಿ. ಪೇಪರ್‌ನೋರಿಗೆ ತಿಳಿಸ್ಬೇಕು" ಎಂದರು.

ಜವಾನ ಗೇಟಿನ ಎರಡೂ ಬಾಗಿಲು ಎಳೆದು ಸೇರಿಸಿದ. ಬೀಗ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿ ಕೇಳಿದ:

"ಹಂಗಾರೆ ಹಾಕ್ಲೇನ್ರಿ ಮೇಡಂ?"

ನನ್ನ ಉತ್ತರಕ್ಕೆ ಕಾಯಲಿಲ್ಲ, ಹಾಕಿಯೇಬಿಟ್ಟ.